ಹುಲಿಯಿಲ್ಲದ ಅಶೋಕವನ

೧೯೭೮ರ ಜನವರಿಯಲ್ಲಿ ಸೀನರಿ ಸಾಹೇಬರು ತಮ್ಮ ಅಶೋಕವನದ ಪರದೆಯಿಂದ ಹುಲಿಯನ್ನು ಕೈಬಿಟ್ಟರು. ಆಗ ಅವರ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಬಣ್ಣ ಹದಕ್ಕೆ ಬಂದಿದೆಯೇ ಎಂದು ಅವರು ನೋಡುತ್ತಿದ್ದದ್ದು ಆ ಉಗುರಿನ ಮೇಲೆ. ಕಾಡು ಬರೆಯುವಾಗ ಹಸಿರು, ದರ್ಬಾರಿಗೆ ಕೆಂಪು. ಉಗುರು ನೋಡಿದರೆ ಆ ವಾರದ ಕೆಲಸ ತಿಳಿಯುತ್ತಿತ್ತು.

ಹಳ್ಳಿಯ ನಾಟಕಗಳಿಗೆ ಪರದೆ ಬರೆದು ಬಾಡಿಗೆಗೆ ಕೊಡುವುದು ಅವರ ಕಸುಬು. ತುಮಕೂರಿನ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನಿದ್ದೆ. ಊರಿನ ಒಂದು ಪತ್ರಿಕೆಯಲ್ಲಿ ವರದಿಗಾರ. ಸುಗ್ಗಿ ಮುಗಿದರೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ರೈತರೇ ಬಣ್ಣ ಹಚ್ಚಿಕೊಂಡು ಪೌರಾಣಿಕ ನಾಟಕ ಆಡುತ್ತಿದ್ದರು. ಅರಮನೆ, ಬೀದಿ, ಸೆರೆಮನೆ, ಕಾಡು ಎಲ್ಲವೂ ಬಿದಿರಿಗೆ ಸುತ್ತಿಕೊಂಡು ಸಾಹೇಬರ ಮನೆಯಿಂದ ಹೋಗಬೇಕು.

ಬಟ್ಟೆಯನ್ನು ಹಿತ್ತಿಲ ಗೋಡೆಗೆ ಬಿಗಿದು, ಸ್ಟೂಲಿನ ಮೇಲೆ ನಿಂತು ಬರೆಯುವರು. ನಡುನಡುವೆ ಇಳಿದು ಬಾವಿಯ ಆಚೆಗೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡುವರು. “ಕೊನೇ ಸಾಲಲ್ಲಿ ಕೂತಿರೋ ಅಜ್ಜೀಗೂ ಎಲೆ ಎಲೆ ಥರಾನೇ ಕಾಣ್ಬೇಕು” ಎನ್ನುವರು. ನಮಾಜಿಗೆ ಹೊರಡುವ ಮುನ್ನ ಕೈ ತೊಳೆಯಲು ಅವರಿಗೆ ಹಿಡಿಯುತ್ತಿದ್ದ ಹೊತ್ತು ಮನೆಯವರಿಗೆಲ್ಲ ತಮಾಷೆ. ಉಗುರಿನ ಬಣ್ಣ ಮಾತ್ರ ಎಂದೂ ಪೂರ್ತಿ ಹೋದದ್ದಿಲ್ಲ.

ನನ್ನ ಪತ್ರಿಕೆಯನ್ನು ಬೆಳಿಗ್ಗೆ ಮೊದಲು ಓದುತ್ತಿದ್ದವರು ಅವರೇ. ನಾನು ಮೆಟ್ಟಿಲಿಳಿದ ಕೂಡಲೇ ಒಂದು ಸುದ್ದಿಯ ಮೇಲೆ ಬೆರಳಿಟ್ಟು ಕೇಳುವರು: “ಸಾರ್, ಇದು ನೀವ್ ನೋಡಿದ್ದಾ, ಯಾರೋ ಹೇಳಿದ್ದಾ?”

“ಹೇಳಿದ್ದು.”

“ಹಂಗಾದ್ರೆ ಹೇಳಿದ್ರು ಅಂತ ಹಾಕ್ಬೇಕು ತಾನೆ?”

ನನ್ನ ಸಂಪಾದಕರು ಇಷ್ಟು ಕೇಳುತ್ತಿರಲಿಲ್ಲ.

ಹಳೆಯ ಅಶೋಕವನ ಮಳೆನೀರು ಕುಡಿದು ಮುಗ್ಗು ಹಿಡಿದಿತ್ತು. ಸೀತೆ ಕೂರುವ ಮರದ ಎಡಕ್ಕೆ ಬಾಯಿ ತೆರೆದ ಹುಲಿ, ಬಲಕ್ಕೆ ಸಿಂಹ. ಅವರ ತಂದೆಯ ಕಾಲದಿಂದ ಅದೇ ರೂಢಿ. ಹೊಸದನ್ನು ಬರೆಯಲು ತೊಡಗುವ ಮೊದಲು ಅವರು ನನ್ನನ್ನು ಕೇಳಿದರು: “ಲಂಕೇಲಿ ನಿಜವಾಗ್ಲೂ ಏನೇನ್ ಪ್ರಾಣಿ ಇದಾವೆ ಸಾರ್? ಪೇಪರ್‌ನೋರು ನೀವು, ಗೊತ್ತಿರ್ತದೆ.”

ನನಗೆ ಗೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿ, ಆ ದ್ವೀಪದ ಪ್ರಾಣಿಗಳ ಚಿತ್ರವಿದ್ದ ಪುಸ್ತಕವೊಂದನ್ನು ತಂದೆ. ಆನೆ ಇತ್ತು, ಕರಡಿ ಇತ್ತು, ಚಿರತೆ, ಕಡವೆ, ಮುಳ್ಳುಹಂದಿ, ಚಿಪ್ಪುಹಂದಿ, ಕಾಡುಪಾಪ ಇದ್ದವು. ಹುಲಿ ಇರಲಿಲ್ಲ.

“ಸಿಂಹ?”

“ಅದೂ ಇಲ್ಲ.”

“ಅವರ ಬಾವುಟದಲ್ಲೇ ಇದೆಯಲ್ಲ ಸಾರ್!”

“ಬಾವುಟದಲ್ಲಿದೆ. ಕಾಡಲ್ಲಿಲ್ಲ.”

ಬಹಳ ಹೊತ್ತು ನಕ್ಕರು. ನೆತ್ತಿಯ ಕೂದಲು ಸುತ್ತಲೂ ಹರಡಿಕೊಂಡಿದ್ದ ಅಲ್ಲಿನ ಕೋತಿಯನ್ನು ನೋಡಿ, “ಇವ್ನು ಸಲೂನಿಗೆ ಹೋಗ್ ಬಂದಂಗವ್ನೆ” ಎಂದರು. ಕಾಡುಪಾಪದ ಚಿತ್ರ ಮಾತ್ರ ಮಸುಕಾಗಿತ್ತು. ಅದನ್ನು ನೋಡದೆ ಬರೆಯಲಾಗುವುದಿಲ್ಲ ಎಂದು ಪಟ್ಟು ಹಿಡಿದರು.

ಊರ್ಡಿಗೆರೆಯ ರೈತರೊಬ್ಬರು ತಮ್ಮ ಹೊಲದ ಬದುವಿನಲ್ಲಿ ಅದಿದೆ ಎಂದಿದ್ದರು. ಬಸ್ಸಿನಲ್ಲಿ ಇಬ್ಬರೂ ಹೋದೆವು. ಹೊತ್ತು ಮುಳುಗುವಾಗ ಬೇಲಿಯ ಪೊದೆಗೆ ರೈತರು ಟಾರ್ಚು ಬಿಟ್ಟರು. ಎರಡು ದುಂಡು ಕಣ್ಣು ಹೊಳೆದವು. ಬಾಲವಿಲ್ಲದ, ಕಡ್ಡಿಯಂಥ ಕೈಕಾಲಿನ ಪುಟ್ಟ ಪ್ರಾಣಿ. ಒಂದು ಕೈ ಬಿಟ್ಟು ಇನ್ನೊಂದು ಕೊಂಬೆ ಹಿಡಿಯುವುದಕ್ಕೆ ಅದು ತೆಗೆದುಕೊಂಡ ಸಮಯದಲ್ಲಿ ಸಾಹೇಬರು ಉಸಿರಾಡಿದಂತೆ ನನಗೆ ಕಾಣಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಆಡಿದ್ದು ಒಂದೇ ಮಾತು: “ಸಮುದ್ರದಾಚೆ ಇರೋನು ನಮ್ಮ ಬೇಲೀಲೂ ಕೂತವ್ನೆ ನೋಡಿ.”

ಆ ವರ್ಷ ಅವರಿಗೆ ಕಷ್ಟದ ವರ್ಷ. ಗುಬ್ಬಿಯಲ್ಲಿ ಬಣ್ಣದ ಲೈಟಿನ ಸಮೇತ ಬಾಡಿಗೆಗೆ ಸಿಗುವ ಹೊಸ ಸೀನರಿ ಬಂದಿತ್ತು. ಹಳೆಯ ಗಿರಾಕಿಗಳು ಅತ್ತ ತಿರುಗಿದ್ದರು. ಈ ಸಲದ ಪರದೆ ಓಡದಿದ್ದರೆ ಕಸುಬು ಬಿಟ್ಟು ಊರಾಚೆಯ ಸತ್ಯಮಂಗಲದ ಕಾರ್ಖಾನೆಗಳಿಗೆ ಬೋರ್ಡು ಬರೆಯಲು ಹೋಗುವುದೆಂದು ಅವರು ಮನೆಯಲ್ಲಿ ಹೇಳಿದ್ದರು.

ಬಣ್ಣ ಆರುವಷ್ಟರಲ್ಲಿ ಪರದೆ ಕೇಳಿಕೊಂಡು ಹಾಗಲವಾಡಿಯವರು ಬಂದರು. ಮುಂದಾಳು ಒಬ್ಬ ಗೌಡರು. ರಾವಣನ ಪಾರ್ಟು ಅವರದೇ. ಪರದೆಯ ಮುಂದೆ ಅತ್ತಿಂದಿತ್ತ ನಡೆದು ಕೇಳಿದರು: “ಎಲ್ಲಿ ಸಾಬ್ರೇ ಹುಲಿ?”

“ಲಂಕೇಲಿ ಹುಲಿ ಇಲ್ಲ ಗೌಡ್ರೇ. ಚಿರತೆ ಬರ್ದಿದೀನಿ, ಕೊಂಬೆ ಮೇಲೆ ನೋಡಿ.”

“ಚಿರ್ತೆ ನಮ್ಮೂರ್ ಗುಡ್ಡದಲ್ಲೇ ಐತೆ. ಅದ್ನ ನೋಡಕ್ಕೆ ಜನ ನಾಟ್ಕುಕ್ಕೆ ಬರ್ಬೇಕಾ? ಹುಲಿ ಇಲ್ದಿದ್ರೇನು, ಲಂಕೇಲಿ ಈಗ ಹತ್ತು ತಲೆಯೋನೂ ಇಲ್ಲ. ನಾನ್ ನಿಂತ್ಕಳಲ್ವಾ?”

ಜೊತೆಯವರು ನಕ್ಕರು. ಸಾಹೇಬರೂ ನಕ್ಕರು. ಆಮೇಲೆ ಹೇಳಿದರು: “ಹತ್ತು ತಲೆ ಕತೆ ಕಟ್ಟಿದೋರು ಇಟ್ಟಿದ್ದು ಗೌಡ್ರೇ. ಹುಲಿ ನಾವಿಟ್ಟಿದ್ದು. ನಾವಿಟ್ಟಿದ್ದನ್ನ ನಾವು ತೆಗೀಬೋದು.”

“ಅದ್ಸರಿ, ಇದ್ಯಾಕೆ ಸೀತಮ್ಮನ ತಲೆ ಮೇಲೆ ಕಾಡುಪಾಪ? ಅಪಶಕುನ ಕಣ್ರೀ!”

“ಅಮ್ಮ ಅಲ್ಲಿ ಸುಖವಾಗಿದ್ರಾ ಗೌಡ್ರೇ?”

ಗೌಡರು ಪರದೆಗೆ ಬೆನ್ನು ತಿರುಗಿಸಿದರು. ಟೀ ಕುಡಿದು, ಗುಬ್ಬಿಯ ಬಸ್ಸು ಹತ್ತಿದರು. ಅಡ್ವಾನ್ಸು ಕೊಡಲಿಲ್ಲ. ಮುಂದೆ ಬಂದ ಊರಿನವರೂ ಹುಲಿಯನ್ನೇ ಕೇಳಿ ಹೋದರು. ಸಾಹೇಬರ ಹೆಂಡತಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, “ನೀವಾದ್ರೂ ಹೇಳಿ ಅಣ್ಣ. ಒಂದು ಹುಲಿ ಬರೆದ್ರೆ ಇವರ ಕೈ ಸವೆದ್ಹೋಗುತ್ತಾ?” ಎಂದರು. ನಾನು ಹೇಳಿದೆ. ಸಾಹೇಬರು ಕುಂಚ ತೊಳೆಯುತ್ತಿದ್ದರು.

“ಗೊತ್ತಿಲ್ದಾಗ ಬರ್ದೆ ಸಾರ್. ಈಗ ಗೊತ್ತಲ್ಲ.”

ಮಾರ್ಚಿನಲ್ಲಿ ಕುಣಿಗಲ್ ಕಡೆಯ ಒಂದು ಊರಿನವರು ಬಂದರು. ಅವರ ನಾಟಕದ ದಿನ ಗುಬ್ಬಿಯ ಸೀನರಿ ಇನ್ನೊಂದು ಊರಿಗೆ ಗೊತ್ತಾಗಿದ್ದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ. ನಾಟಕದ ರಾತ್ರಿ ಸಾಹೇಬರ ಜೊತೆ ನಾನೂ ಆ ಊರಿಗೆ ಹೋಗಿದ್ದೆ. ನಾಟಕ ಬೆಳಗಿನವರೆಗೆ ನಡೆಯಿತು. ಬಿಸಿಲು ಬಿದ್ದ ಮೇಲೆ ನಾವು ಪರದೆ ಸುತ್ತುತ್ತಿದ್ದಾಗ ಸೀತೆಯ ಪಾರ್ಟು ಮಾಡಿದ್ದ ಬಾಡಿಗೆ ಕಲಾವಿದೆ ಮುಖದ ಬಣ್ಣ ಒರೆಸಿಕೊಳ್ಳುತ್ತ ಬಂದರು.

“ಅಣ್ಣಾ, ಈ ಪರದೆ ನಿಮ್ದಾ?”

“ಯಾಕಮ್ಮಾ, ಹುಲಿ ಇಲ್ಲ ಅಂತಾನಾ?”

“ಹುಲಿ ಹಾಳಾಗ್ಲಿ ಬುಡಿ. ನಾನ್ ಅಳೋ ಹೊತ್ಗೆ ಮುಂದ್ಗಡೆ ಕೂತಿರೋ ಹೈಕ್ಳೆಲ್ಲ ಹುಲಿ ನೋಡ್ಕಂಡು ಗುರ್ ಗುರ್ ಅಂತಿದ್ವು. ಎಷ್ಟ್ ವರ್ಷದಿಂದ ಅನುಭವಿಸ್ತಿದೀನಿ ಗೊತ್ತಾ? ರಾತ್ರಿ ಒಂದೂ ಉಸಿರು ಬಿಡ್ಲಿಲ್ಲ ಕಣಣ್ಣ. ನನ್ನೇ ನೋಡ್ತಿದ್ವು.”

ಸಾಹೇಬರು ಹಗ್ಗದ ಗಂಟು ಬಿಗಿಯುವುದನ್ನು ನಿಲ್ಲಿಸಿ ಆಕೆಯನ್ನು ನೋಡಿದರು. ತಾವು ಅದನ್ನು ಯೋಚಿಸಿರಲೇ ಇಲ್ಲ ಎಂದು ಹೇಳಿದರು.

ಆಕೆಗೆ ತುಮಕೂರು ಸೀಮೆಯಲ್ಲಿ ಬೇಡಿಕೆಯಿತ್ತು. ಸೀತೆಯ ಪಾರ್ಟಿಗೆ ಕರೆಯಲು ಬಂದವರಿಗೆಲ್ಲ ತುಮಕೂರಿನ ಸಾಹೇಬರ ಪರದೆಯಾದರೆ ಬರುತ್ತೇನೆ ಎನ್ನತೊಡಗಿದರು. ಹಾಗಲವಾಡಿಯವರು ಮತ್ತೆ ಬರಲಿಲ್ಲ. ಬೇರೆ ಊರಿನವರು ಬಂದರು. ಬೋರ್ಡು ಬರೆಯಲು ಸಾಹೇಬರು ಸತ್ಯಮಂಗಲಕ್ಕೆ ಹೋಗಲಿಲ್ಲ.

ನಾನು ಕೆಲಸದಲ್ಲಿ ಮೇಲೇರಿ ಊರು ಬದಲಿಸಿದೆ. ಸುದ್ದಿ ತರುವ ಕಿರಿಯರನ್ನು “ನೋಡಿದ್ದಾ, ಕೇಳಿದ್ದಾ?” ಎಂದು ಕೇಳುವುದು ನನಗೆ ಅಭ್ಯಾಸವಾಯಿತು. ಅದನ್ನು ನಾನು ಕಲಿತದ್ದು ಪತ್ರಿಕಾಲಯದಲ್ಲಿ ಎಂದು ಆ ಕಿರಿಯರು ತಿಳಿದಿದ್ದರು.

ಸೀನರಿ ಸಾಹೇಬರು ೧೯೮೬ರ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ. ಮಕ್ಕಳು ಬೇರೆ ಬೇರೆ ಕೆಲಸದಲ್ಲಿದ್ದರು. ಪರದೆಗಳನ್ನು ಕುಣಿಗಲ್ಲಿನ ವ್ಯಾಪಾರಿಯೊಬ್ಬರು ಕೊಂಡರು. ಎರಡು ವರ್ಷದ ನಂತರ ಆ ಕಡೆಯ ಒಂದು ಹಳ್ಳಿಯಲ್ಲಿ ನಾಟಕಕ್ಕೆ ಸಾಹೇಬರ ಅಶೋಕವನವನ್ನೇ ಕಟ್ಟಿದ್ದನ್ನು ನೋಡಿದೆ. ಮರದ ಎಡಕ್ಕೆ ಬೇರೆ ಯಾರೋ ಒಂದು ಹುಲಿ ಬರೆದಿದ್ದರು. ಮಕ್ಕಳು ಅದರ ಎದುರಿಗೆ ಕೂತಿದ್ದರು.