ತೊಗರಿಬೇಳೆ ಬಣ್ಣದ ನೈಟಿಗಳು

ಇವತ್ತು ಬೆಳಿಗ್ಗೆ ಅಂಗಡಿಯ ಅಟ್ಟ ಗುಡಿಸುವಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆ ಅಜ್ಜಿಯ ಟ್ರಂಕನ್ನು ನೆನಪಿಸಬಹುದು. ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನಗೆ ಅದು ನಿಂತ ಮಾಲಿನ ವಾಸನೆ. ನಿಂತ ಮಾಲು ಎಂದರೆ ತಂದ ದಿನದಿಂದ ಯಾರೂ ಕೇಳದೆ ಉಳಿದದ್ದು. ಮೊದಲು ಬಾಗಿಲಲ್ಲಿ ತೂಗುತ್ತದೆ, ಆಮೇಲೆ ಒಳಗಿನ ಕಪಾಟಿಗೆ ಸರಿಯುತ್ತದೆ, ಕೊನೆಗೆ ಅಟ್ಟ ಹತ್ತುತ್ತದೆ. ಬಡ್ತಿ ಪಡೆದ ಹಾಗೆ ಮೇಲೆ ಮೇಲೆ ಹೋಗುವುದು ನಮ್ಮ ಅಂಗಡಿಯಲ್ಲಿ ಅದೊಂದೇ.

ಕೆಲವು ವರ್ಷಗಳ ಹಿಂದೆ ನಾನೇ ಆರಿಸಿ ತಂದ ಒಂದು ಮೂಟೆ ನೈಟಿ ಹೀಗೇ ನಿಂತಿತು. ಅಷ್ಟೂ ತೊಗರಿಬೇಳೆ ಬಣ್ಣ. ದಾವಣಗೆರೆಯ ಸಗಟು ವ್ಯಾಪಾರಿ ಅಗ್ಗಕ್ಕೆ ಕೊಟ್ಟಿದ್ದ. ಯಾಕೆ ಅಗ್ಗ ಎಂದು ಕೇಳುವ ಬುದ್ಧಿ ನನಗೆ ಬಸ್ಸು ಹತ್ತಿದ ಮೇಲೆ ಬಂತು. ಮೂಟೆ ಬಿಚ್ಚಿದಾಗ ಹೆಂಡತಿ ಗಿರಿಜ ಬೈಯಲಿಲ್ಲ.

"ಎಲ್ಲಾ ಇದೇ ಬಣ್ಣ ಏನ್ರೀ?" ಎಂದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಎರಡು ಕೊಂಡರೆ ಕರವಸ್ತ್ರ ಉಚಿತ ಎಂದೆ. ಜನ ಕರವಸ್ತ್ರ ಮಾತ್ರ ಕೇಳಿದರು. ಕೊನೆಗೆ ಆ ವ್ಯಾಪಾರಿಯನ್ನು ಕಾಡಿ ಬೇಡಿ, ಬೇರೆ ಮಾಲು ಬದಲಿಸಿಕೊಡಲು ಒಪ್ಪಿಸಿದೆ. ಷರತ್ತು ಒಂದೇ: ಕವರು ಒಡೆದಿರಬಾರದು. ಮೂಟೆಯನ್ನು ಮತ್ತೆ ಬಿಗಿದು, ಮರುದಿನದ ಬಸ್ಸಿಗೆ ಹಾಕಲು ಬಾಗಿಲ ಬಳಿ ಇಟ್ಟೆ.

ಅದೇ ದಿನ ಹೊಳೆ ಏರಿತು. ದಂಡೆಯ ಕೇರಿಯ ಮನೆಗಳಿಗೆ ನೀರು ನುಗ್ಗಿ, ಅಲ್ಲಿಯವರನ್ನೆಲ್ಲ ಶಾಲೆಗೆ ಕರೆತಂದರು. ಅಲ್ಲಿ ಅನ್ನ ಬಡಿಸಲು ಹೋಗಿದ್ದ ಗಿರಿಜ ಅರ್ಧಕ್ಕೇ ಬಿಟ್ಟು ಬಂದು, ಕತ್ತರಿ ಹಿಡಿದು ಮೂಟೆಯ ಮುಂದೆ ಕುಳಿತಳು.

"ಏಯ್, ನಾಳೆ ವಾಪಸ್ ಕಳ್ಸಬೇಕು ಅದನ್ನ! ಕವರ್ ಒಡೆದ್ರೆ ಅವ್ನು ತಗಳಲ್ಲ."

"ಒದ್ದೆ ಸೀರೇಲಿ ಒಬ್ಳು ಬಾಣಂತಿ ಕುಂತಾಳೆ. ಬರ್ರಿ, ನೀವೇ ಹೇಳ್ರಿ ಆಕೆಗೆ, ನಾಳೆ ವಾಪಸ್ ಕಳ್ಸಬೇಕು ಅಂತ."

ಹಾಗೆಂದವಳೇ ಹಗ್ಗ ಕತ್ತರಿಸಿದಳು. ಮೂಟೆಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ಹೋದವನು ನಾನೇ. ಗಂಡಸಿಗೆ ಒಳಗೇನು ಕೆಲಸ? ಶಾಲೆಯ ಜಗಲಿಯಲ್ಲಿ ನಿಂತಿದ್ದೆ. ಅಳು, ಗದ್ದಲ ಕೇಳಿಸುತ್ತಿದ್ದ ಕೋಣೆಯಿಂದ ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಒಳಗಿನವರು ಬಾಗಿಲು ತೆರೆದರೆ, ಮುದುಕಿಯರು, ಹರೆಯದವರು, ಎದೆಗೆ ಕೂಸು ಅವಚಿಕೊಂಡ ಬಾಣಂತಿ, ಎಲ್ಲರೂ ತೊಗರಿಬೇಳೆ ಬಣ್ಣ.

"ಒಂದೇ ಮನೆ ಸೊಸೇರಂಗೆ ಕಾಣ್ತೀವಲ್ರೀ ಸಾವ್ಕಾರ್ರೇ!" ಎಂದಳು ಹಾಲಮ್ಮ. ಮನೆಮನೆಗೆ ಸೊಪ್ಪು ಮಾರುವ ಮುದುಕಿ, ನಮ್ಮ ಹಳೆಯ ಗಿರಾಕಿ. ಅವಳ ಮನೆಯ ಗೋಡೆ ಆ ಬೆಳಿಗ್ಗೆಯೇ ಕುಸಿದಿತ್ತು.

ನಷ್ಟ ನಮ್ಮ ಮೇಲೇ ಬಿತ್ತು. ಇದರಿಂದ ವ್ಯಾಪಾರ ಕುದುರಿತು ಎಂದರೆ ಸುಳ್ಳಾಗುತ್ತದೆ. ನಿಜ ಹೇಳಬೇಕೆಂದರೆ ಆ ಕೇರಿಯ ಹೆಂಗಸರು ಅಂಗಡಿಗೆ ಬರುವುದನ್ನೇ ಬಿಟ್ಟರು. ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ದಾಟುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ.

ನೀರಿಳಿದು ಎಷ್ಟೋ ದಿನದ ಮೇಲೆ ಹಾಲಮ್ಮ ಬಂದಳು. ಒಗೆದು ಮಡಚಿದ ನೈಟಿಯನ್ನು ಗಲ್ಲಾದ ಮೇಲಿಟ್ಟಳು.

"ಇರ್ಲಿ ಇಟ್ಕೋ ಅಜ್ಜಿ," ಎಂದೆ.

"ಪುಕ್ಕಟೆ ಇಟ್ಕಂಡ್ರೆ ನಾಳೆ ನಿಮ್ಮಂಗಡಿಗೆ ಬಂದು ರೇಟು ಹೆಂಗೆ ಜಗ್ಗಾಡ್ಲಿ?"

ನಾನು ಮತ್ತೆ ಬೇಡ ಎನ್ನುವಷ್ಟರಲ್ಲಿ ಗಿರಿಜ ನೈಟಿಯನ್ನು ಎತ್ತಿಕೊಂಡು, "ಕೊಡಜ್ಜಿ, ನಂಗೂ ಒಂದು ಬೇಕಾಗಿತ್ತು," ಎಂದಳು. ಹಾಲಮ್ಮ ನೆಮ್ಮದಿಯಿಂದ ಬೆಂಚಿನ ಮೇಲೆ ಕುಳಿತು, "ಹಸಿರು ರವಿಕೆ ಕಣ ತೋರ್ಸ್ರಿ" ಎಂದಳು. ಆಮೇಲೆ ಕೇರಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಅಂಗಡಿಗೆ ಬಂದರು.

ಇವತ್ತು ಅಟ್ಟದಿಂದ ಇಳಿಯುವಾಗಲೂ ಹಾಲಮ್ಮ ಬಂದಿದ್ದಳು. ಒಂದು ರವಿಕೆ ಕಣಕ್ಕಾಗಿ ಅರ್ಧ ಕಪಾಟು ಕೆಳಗಿಳಿಸಿ, ಬಣ್ಣಕ್ಕೊಂದು, ಅಂಚಿಗೊಂದು ಕೊಂಕು ತೆಗೆದು, ಏನನ್ನೂ ಕೊಳ್ಳದೆ, "ಬರ್ತೀನ್ರೀ" ಎಂದು ಎದ್ದಳು. ಹಿಂದಿನ ನಾನಾಗಿದ್ದರೆ ಗೊಣಗುತ್ತಿದ್ದೆ. "ಬಾ ಅಜ್ಜಿ" ಎಂದು, ಒಂದೊಂದೇ ಕಣ ಮಡಚುತ್ತಾ ಕುಳಿತೆ.