ಅಜ್ಜನ ಕಾಶಿ, ನನ್ನ ಡಿಎನ್‌ಎ

ಲಾಕ್‌ಡೌನ್ ಮುಗಿದು ಊರಿಗೆ ಊರೇ ಸಮುದ್ರದಂಡೆಗೆ ಹೊರಟಾಗ ನನಗೆ ಮಾತ್ರ ಹಾಸಿಗೆ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ. ಡಾಕ್ಟರು ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದ್ದರು. ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡ್‌ನ ಲ್ಯಾಬಿನಲ್ಲಿ ದಿನವಿಡೀ ಇಲಿಗಳ ಡಿಎನ್‌ಎ ನೋಡುವ ನನಗೆ ಆ ಪ್ರಶ್ನೆಯೇ ಭಯ. ವಂಶದಲ್ಲೇ ಇದ್ದರೆ ಔಷಧಿ ನುಂಗಿ ಏನು ಬಂತು ಎಂದು ಅಪಾಯಿಂಟ್‌ಮೆಂಟ್ ಮುಂದೂಡುತ್ತಲೇ ಇದ್ದೆ.

ಉತ್ತರ ಬಲ್ಲವಳು ನಮ್ಮವ್ವನ ಅಕ್ಕ, ದೊಡ್ಡವ್ವ. ಊರಿನಿಂದ ಮಗನ ಮನೆಗೆಂದು ಕಲ್ವರ್ ಸಿಟಿಗೆ ಬಂದಿದ್ದಳು. ನನಗೆ ಕನ್ನಡ ಕಲಿಸಿದವಳು ಅವಳೇ, ಬೈಗುಳ ಸಮೇತ. ಒಂದು ಶನಿವಾರ ಟ್ರಾಫಿಕ್ಕಿನಲ್ಲಿ ತೆವಳುತ್ತ ಹೋಗಿ ಕೇಳಿದೆ.

"ನಮ್ಮ ಮನೆತನದಾಗ? ಛೀ! ಯಾರಿಗೂ ಇಲ್ಲ," ಎಂದು ರೊಟ್ಟಿ ಬಡಿಯುತ್ತಿದ್ದವಳು ಇನ್ನಷ್ಟು ಜೋರಾಗಿ ಬಡಿದಳು. ನನ್ನ ಸಂಗತಿ ಹೇಳಿದೆ. ಕೈ ನಿಂತಿತು.

"ಹಂಗಾರ ಕೇಳು. ನಮ್ಮಪ್ಪ ಕಾಶಿಗೆ ಹೋಗಿರಲೇ ಇಲ್ಲ."

ಅಜ್ಜನ ಕಾಶಿಯಾತ್ರೆ ನಮ್ಮ ಮನೆಯ ಹೆಮ್ಮೆ. ಅವನು ತಂದ ಗಂಗಾಜಲದ ತಂಬಿಗೆಗೆ ಇಂದಿಗೂ ಪೂಜೆ.

"ಮತ್ತ ಎಲ್ಲಿಗೆ ಹೋಗಿದ್ದ?"

"ಧಾರವಾಡಕ್ಕ, ಮನಸ್ಸಿನ ಡಾಕ್ಟರ ಹತ್ರ. ಉಣ್ಣತಿರಲಿಲ್ಲ, ಮಾತಿಲ್ಲ. ಮಂದಿಗೆ ಕಾಶಿ ಅಂತ ಹೇಳಿದ್ವಿ. ಆರಾಮಾಗಿ, ನಗಕೋತ ಬಂದ."

"ಗಂಗಾಜಲ?"

"ಹಿತ್ತಲ ಬಾವೀದು."

"ಅಯ್ಯ! ಅದನ್ನ ಸಾಯೋರ ಬಾಯಾಗ ಬಿಟ್ಟೀರಲ್ಲ!"

"ಯಾರೂ ತಿರುಗಿ ಬಂದು ಜಗಳ ತಗದಿಲ್ಲ."

ಎಷ್ಟೋ ತಿಂಗಳ ಮೇಲೆ ನಕ್ಕೆ. ನಕ್ಕ ಬೆನ್ನಿಗೇ ಭಯ. "ಅಂದ್ರ ನನ್ನ ಡಿಎನ್‌ಎದಾಗ ಬರದೈತಿ."

"ಬರದದ್ದು ಬದಲಾಗೂದಿಲ್ಲೇನು?"

"ಅಕ್ಷರ ಬದಲಾಗೂದಿಲ್ಲ. ಅದರ ಮ್ಯಾಲೆ ಸಣ್ಣ ಸಣ್ಣ ರಾಸಾಯನಿಕ ಗುರುತು ಕೂಡತಾವ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನೂದು ಅವುಗಳ ಕೈಯಾಗೂ ಐತಿ. ಸಂಕಟ, ಒತ್ತಡದಿಂದ ಆ ಗುರುತು ಬದಲಾಗಬಹುದು. ಖಿನ್ನತೆಗೂ ಅದಕ್ಕೂ ನಂಟೈತಿ ಅಂತಾರ, ಪೂರಾ ತಿಳಿದಿಲ್ಲ."

"ಕೂತ ಗುರುತು ಏಳತಾವೇನು?"

"ಕೆಲವು ಏಳತಾವ. ಇಲಿಗಳೊಳಗ ನಾನೇ ನೋಡೀನಿ."

ದೊಡ್ಡವ್ವ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಎಸೆದಳು. "ಹುಚ್ಚವ್ವಾ, ಇಲಿ ಮ್ಯಾಲೆ ಇಟ್ಟಷ್ಟು ಆಸೆ ನಿನ್ನ ಮ್ಯಾಲೆ ಯಾಕಿಲ್ಲ? ನಮ್ಮಪ್ಪಗ ಜೀನೂ ಗೊತ್ತಿರಲಿಲ್ಲ, ಗೀನೂ ಗೊತ್ತಿರಲಿಲ್ಲ. ಬಸ್ ಹತ್ತಿದ, ಅಷ್ಟ."

ಸೋಮವಾರ ಡಾಕ್ಟರಿಗೆ ಫೋನ್ ಮಾಡಿದೆ. ಹೊರಡುವ ದಿನ ಕಾರಿನಲ್ಲಿ ಕೂರುವಷ್ಟರಲ್ಲಿ ದೊಡ್ಡವ್ವನ ಕರೆ ಬಂತು.

"ಯಾರರ ಕೇಳಿದ್ರ ಕಾಶಿಗೆ ಹೋಗ್ಯಾಳ ಅನ್ನಲೇನು?"

"ಬ್ಯಾಡ. ಸ್ಯಾನ್ ಡಿಯಾಗೋಕ್ಕ, ಮನಸ್ಸಿನ ಡಾಕ್ಟರ ಹತ್ರ ಹೋಗ್ಯಾಳ ಅನ್ನು."



"ಆತು, ಹಂಗ ಅಂತೀನಿ. ಬರುವಾಗ ಒಂದು ಬಾಟ್ಲಿ ನೀರರ ತಗೊಂಡು ಬಾ."