ಬೇವಿನ ಮರಕ್ಕೆ ಎರಡು ಸುತ್ತು

ಬರ ಬಿದ್ದ ವರ್ಷ ನಾವು ಔರಾದ್ ಕಡೆಯ ಊರು ಬಿಟ್ಟು, ಭಾಲ್ಕಿ ಹತ್ತಿರ ರಸ್ತೆಗೆ ಜಲ್ಲಿ ಒಡೆಯುವ ಕೂಲಿಗೆ ಬಂದೆವು. ಮೂರನೆಯ ತರಗತಿಗೇ ನನ್ನ ಶಾಲೆ ಮುಗಿಯಿತು. ಎಳೆಯ ತಮ್ಮನನ್ನು ನೋಡಿಕೊಳ್ಳುವುದು ನನ್ನ ಕೆಲಸವಾಯಿತು.

ಅಲ್ಲಿನ ಹೆಂಗಸರು ಕೂಸಿನ ಸೊಂಟಕ್ಕೆ ಹಳೆ ಸೀರೆಯ ಅಂಚು ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿಯುತ್ತಿದ್ದರು. ಅವ್ವ ತಮ್ಮನಿಗೂ ಹಾಗೇ ಅಳೆದೇ ಕಟ್ಟಿದ್ದಳು. ನೆರಳೆಲ್ಲ ಅವನದು, ಕಲ್ಲಿನ ರಾಶಿ ಮಾತ್ರ ಸಿಗಬಾರದು.

ಕೂರಲು ಬಂದ ಮೇಲೆ ತಮ್ಮನ ಕೈಗಳಿಗೆ ಬಿಡುವಾಯಿತು. ಚಮಚವನ್ನು ಈ ಕೈಯಿಂದ ಆ ಕೈಗೆ ದಾಟಿಸುವನು, ತಿರುಗಿಸಿ ನೋಡುವನು, ತಂಬಿಗೆಗೆ ಬಡಿದು ಸದ್ದು ಕೇಳುವನು. ಒಂದು ಬೆಳಿಗ್ಗೆ ಉರುಳಿಹೋದ ತಂಬಿಗೆಯ ಹಿಂದೆ ಅಂಬೆಗಾಲಿಟ್ಟ. ಅದನ್ನು ಕಂಡವಳು ನಾನೊಬ್ಬಳೇ. ಅವ್ವನಿಗೆ ಹೇಳಲಿಲ್ಲ. ಅವನ ಹಿಂದೆ ಓಡುತ್ತಿದ್ದರೆ ನನ್ನ ಆಟ ಕೆಡುತ್ತಿತ್ತು. ಸೀರೆಯಂಚನ್ನು ಮರಕ್ಕೆ ಇನ್ನೆರಡು ಸುತ್ತು ಸುತ್ತಿ ಗಿಡ್ಡ ಮಾಡಿದೆ. ದಿನವೂ ಹಾಗೆ ಸುತ್ತಿ, ಹಾಲೂಡಿಸಲು ಅವ್ವ ಬರುವ ಮೊದಲು ಆ ಎರಡು ಸುತ್ತು ಬಿಚ್ಚುತ್ತಿದ್ದೆ. ಮೊದಮೊದಲು ಅತ್ತ. ಆಮೇಲೆ ಬಿಚ್ಚಿದರೂ ಕೂತಲ್ಲೇ ಕೂರತೊಡಗಿದ.

ಕೂಸು ಅಂಬೆಗಾಲಿಡುತ್ತಿಲ್ಲವೆಂದು ಅವ್ವ ಒಂದು ದಿನದ ಕೂಲಿ ಬಿಟ್ಟು, ನಮ್ಮಿಬ್ಬರನ್ನೂ ಕರೆದುಕೊಂಡು ಭಾಲ್ಕಿಯ ಮುದುಕಿ ಸೂಲಗಿತ್ತಿಯ ಹತ್ತಿರ ಹೋದಳು. ಮುದುಕಿ ತನ್ನ ಸುಣ್ಣದ ಡಬ್ಬಿಯನ್ನು ಅವನ ಮುಂದೆ ದೂರದಲ್ಲಿಟ್ಟಳು. ತಮ್ಮ ಒಂದು ಮೊಳ ಹೋದ, ನಿಂತ. ಸೊಂಟಕ್ಕೆ ಏನೂ ಕಟ್ಟಿರಲಿಲ್ಲ. ಆದರೂ ಹಿಂದೆ ತಿರುಗಿ ನೋಡಿದ.

"ಕಾಲಾಗ ಕಸು ಅದ. ಗಿಡ್ಡ ಕಟ್ಟೀದೇನವ್ವ ಇವನಿಗಿ?"

"ಇಲ್ರಿ ಆಯಿ, ಉದ್ದೇ ಕಟ್ಟೇನಿ. ನನ್ನ ಹಾಲಿನಾಗೇ ಕಸು ಇಲ್ರಿ."

ಮುದುಕಿ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

ಆಮೇಲೆ ನಾನು ಸುತ್ತು ಹಾಕಲಿಲ್ಲ. ತಮ್ಮ ತಡವಾಗಿಯಾದರೂ ನಡೆದ, ಓಡಿದ. ಅವ್ವ ಮಾತ್ರ ಕೊನೆಯವರೆಗೂ ತನ್ನ ಹಾಲನ್ನೇ ಬಯ್ದುಕೊಂಡಳು.

ಈಗ ತಮ್ಮನ ಮನೆ ಬೀದರ್‌ನಲ್ಲಿ. ಹೋದ ಸಲ ನಾನು ಹೊರಗೆ ಪಡಸಾಲೆಯಲ್ಲಿ ಕೂತಿದ್ದಾಗ ಅವನ ಮಗ ಒಳಗಿನಿಂದ ನನ್ನ ಚೀಲದ ಕಡೆ ಅಂಬೆಗಾಲಿಟ್ಟು ಬರುತ್ತಿದ್ದ.

"ಹಿಡಿ ಅಕ್ಕಾ, ಹೊಸ್ತಿಲಿ ದಾಟ್ತಾನ," ಎಂದ ತಮ್ಮ.

ನಾನು ಹಿಡಿಯಲಿಲ್ಲ. ಕೂಸು ಹೊಸ್ತಿಲು ದಾಟಿ ಬಂದು ಚೀಲದೊಳಗಿನ ಬಾಚಣಿಗೆ ಎಳೆದು, ತಿರುಗಿಸಿ ತಿರುಗಿಸಿ ನೋಡಿತು. ಅವ್ವ ಪಕ್ಕದಲ್ಲಿ ಕೂತು ನೋಡಬೇಕಿತ್ತು ಎನಿಸಿತು. "ನಿನ್ನ ಹಾಲು ಚಂದೇ ಇತ್ತವ್ವಾ," ಎಂದುಬಿಟ್ಟೆ.

"ಏನಂದಿ ಅಕ್ಕಾ?"

ಏನಿಲ್ಲ ಎಂದೆ. ಅವನಿಗೆ ಹೇಳಲಾಗದ್ದನ್ನೇ ಇಲ್ಲಿ ಬರೆದಿದ್ದೇನೆ.